ಆಳು ಎಂಬ ಎರಡಕ್ಷರ

ಸಂಸ್ಥಾನ ವಿಲೀನವಾದ ಮರುವರ್ಷ
ಜಮಖಂಡಿಯ ಕಚೇರಿಯಲ್ಲಿ ನನಗೊಂದು ಕಿರ್ದಿ ಕೊಟ್ಟರು.
ನೆತ್ತಿಯ ಮೇಲೆ ಅಚ್ಚಾದ ‘ಶ್ರೀಮಂತ ಸರಕಾರ’ಕ್ಕೆ
ಯಾರೋ ಕೆಂಪು ಗೆರೆ ಎಳೆದಿದ್ದರು.
ಕಾಗದ ಅದೇ. ಗೆದ್ದಲಿಗೆ ಅದರ ರುಚಿಯೂ ಅದೇ.

“ಇಪ್ಪತ್ತೊಂದು ತುಂಬಿದ ಎಲ್ಲರ ಹೆಸರು ಬರೀರಿ,” ಅಂದರು ಮಾಮಲೇದಾರರು.
“ಎಲ್ಲರದಂದ್ರ?”
“ಎಲ್ಲರದಂದ್ರ ಎಲ್ಲರದು.”
ಇಪ್ಪತ್ತಾರು ವರ್ಷದ ಕಾರಕೂನಿಕೆಯಲ್ಲಿ
ಇಷ್ಟು ಗಿಡ್ಡ ಹುಕುಮು ನಾನು ಕೇಳಿರಲಿಲ್ಲ.
ಹಿಂದೆ ಶಿಸ್ತು ಕಟ್ಟುವವರಷ್ಟೇ ಎಲ್ಲರು;
ಉಳಿದವರನ್ನು ಕೊನೆಯ ಅಂಕಣದಲ್ಲಿ
ಎಮ್ಮೆ, ಎತ್ತು, ಹಾಳುಬಾವಿಗಳ ಜೊತೆ
‘ಇತರೆ’ ಎಂದು ಕೂಡಿಸುತ್ತಿದ್ದೆವು.

ಮಾತು ಶುರುವಾದದ್ದು ಗರಡಿಯಲ್ಲಿ.
ಸಭೆಗೆ ಬಂದಿ ಇತ್ತು, ಕುಸ್ತಿಗಿರಲಿಲ್ಲ.
ವಕೀಲ ತಮ್ಮಣ್ಣ ಹುಕ್ಕೇರಿ ಕಚ್ಚೆ ಬಿಗಿದು,
ಎಣ್ಣೆ ಅರಿಸಿನ ಕಲಸಿದ ಮಣ್ಣಿನಲ್ಲಿ ಹುಗಿದ ಕಾಲು ಕೀಳದೆ
ಸಮುದ್ರದಾಚೆಯ ವಸಾಹತಿನ ಕಥೆ ಹೇಳುತ್ತಿದ್ದ:
ಆ ಮಂದಿ ಚಹಾದ ಪೆಟ್ಟಿಗೆಗಳನ್ನು ಬಂದರಿನ ನೀರಿಗೆ ಸುರಿದದ್ದು,
ನಮ್ಮನ್ನು ಕೇಳದೆ ಹಾಕಿದ ತೆರಿಗೆ ಕಳವು ಎಂದದ್ದು,
ರಾಜನೆಂದರೂ ಕರಾರಿನ ಒಂದು ಕಡೆಯವ,
ಮುರಿದನೋ, ಕಾಗದ ರದ್ದಿ ಎಂದದ್ದು.
ಉಸ್ತಾದ ದಸ್ತಗೀರಸಾಬ ತೊಡೆ ತಟ್ಟಿದ:
“ಕಣದಾಗೂ ಹಂಗs ಐತಿ. ಬೆನ್ನು ಹತ್ತಿತಂದ್ರ
ಯಾರ ಬೆನ್ನಂತ ಮಣ್ಣು ಕೇಳೂದಿಲ್ಲ.”
ನಕ್ಕೆವು. ನಗು ಇಳಿಯುವ ಮೊದಲೇ
ಹೊಸ್ತಿಲಾಚೆ ನಿಂತ ಕೇರಿಯ ದುರ್ಗಪ್ಪ ಕೇಳಿದ:
“ಅಲ್ಲಿ ಆಳುಗಳು ಇರಲಿಲ್ಲೇನ್ರಿ?”
“ಇದ್ದರು. ಕೊಂಡು ತಂದವರು.”
“ಆ ಕರಾರಿನ್ಯಾಗ ಅವರ ಹೆಬ್ಬೆಟ್ಟು ಐತೇನ್ರಿ?”
ವಕೀಲ ಕಾಲಿನ ಮಣ್ಣು ಕೊಡವಿದ. ಬಹಳ ಹೊತ್ತು ಕೊಡವಿದ.
ಒಳಗೆ ಬಾ ಅಂತ ಅವನಿಗೆ ಯಾರೂ ಅನ್ನಲಿಲ್ಲ.
ನಾನೂ.

ಈಗ ಕಿರ್ದಿ ಬಗಲಲ್ಲಿಟ್ಟು ಅದೇ ಕೇರಿಗೆ ಹೋದೆ.
ದುರ್ಗಪ್ಪ ಸೊಲ್ಲಾಪುರದ ಗಿರಣಿ ಸೇರಿ ಮೂರು ವರ್ಷ.
ಅವನ ಅವ್ವ ಮೊರದಲ್ಲಿ ನವಣೆ ಕೇರುತ್ತಿದ್ದಳು.
“ಹೆಸರು?”
“ದುರ್ಗ್ಯಾನ ಅವ್ವ.”
“ಅದಲ್ಲ, ನಿಂದು.”
“ದೇಸಾಯ್ರ ಮನಿ ಆಳು ಅಂತ ಬರ್ಕೊರಿ. ಹಂಗs ಕರೀತಾರ.”
ಬರೆದೆ. ಅಭ್ಯಾಸದ ಕೈ.
ಆಳು.
ಮಸಿ ಒಣಗುವ ತನಕ ನೋಡುತ್ತ ಕೂತೆ.
ಕನ್ನಡ ಸಾಲಿಯಲ್ಲಿ ಮಾಸ್ತರರು ಇದನ್ನು ಎರಡು ಸಲ ಕಲಿಸಿದ್ದರು.
ನಾಮಪದದ ಪಾಠದಲ್ಲೊಮ್ಮೆ: ಇನ್ನೊಬ್ಬರಲ್ಲಿ ದುಡಿಯುವವರು.
ಧಾತುವಿನ ಪಾಠದಲ್ಲೊಮ್ಮೆ: ಹಿಂದೆ ಮುಂದೆ ಏನೂ ಹಚ್ಚದಿದ್ದರೆ
ಅದು ಅಪ್ಪಣೆ. ಆಳು, ನೀನು. ರಾಜ್ಯವಾಳು.
ಎರಡು ಪಾಠದ ನಡುವೆ ದೀಪಾವಳಿ ಸೂಟಿ ಬಿದ್ದು
ಒಂದಕ್ಕೊಂದು ತಾಗಿಸುವ ಬುದ್ಧಿ ಯಾರಿಗೂ ಬರಲಿಲ್ಲ.

“ಯಾಕ ಸುಮ್ಮ ಕುಂತ್ರಿ?” ಅಂದಳು.
“ಹೆಸರಿಲ್ಲದವರನ್ನ ಬೆಳಗಾವ್ಯಾಗ ಕಾಟು ಹಾಕ್ತಾರ.”
ಅವಳು ಕೋಳಿಮರಿ ಅಟ್ಟಿದಳು. ಆ ಕಡೆ ಈ ಕಡೆ ನೋಡಿದಳು.
“ಹೊಳೆವ್ವ,” ಅಂದಳು,
ಸೆರಗಿನ ಗಂಟು ಬಿಚ್ಚಿ ಬಚ್ಚಿಟ್ಟ ದುಡ್ಡು ತೋರಿಸುವವಳ ಹಾಗೆ.
ಮೊದಲಿನದಕ್ಕೆ ಅಡ್ಡಗೆರೆ ಎಳೆದು ಮೇಲೆ ಬರೆದೆ.
ಗೆರೆ ತೆಳ್ಳಗೆ ಬಿತ್ತು; ಕೆಳಗಿನದೂ ಓದಲು ಬರುತ್ತಿತ್ತು.
ಖಾಡಾಖೋಡಿ ಮಾಡಿದೆನೆಂದು ಮಾಮಲೇದಾರರು
ನಾಲ್ಕಾಣೆ ದಂಡ ಹಾಕಿದರು. ಕಟ್ಟಿದೆ.

ಮನೆಗೆ ಬಂದು, ದೀಪ ಹಚ್ಚಲು ಕಡ್ಡಿ ಗೀರಿದ ಹೆಂಡತಿಗೆ ಕೇಳಿದೆ,
“ನಿನ್ನ ಹೆಸರು ಏನಂತ ಬರೀಲಿ?”
ಹತ್ತೊಂಬತ್ತು ವರ್ಷ ‘ಏ’ ಎಂದು ಕರೆದವನನ್ನು
ಅವಳು ಆ ಕಡ್ಡಿ ಬೆರಳು ಸುಡುವ ತನಕ ನೋಡಿದಳು.
“ಯಾವುದು? ಅಪ್ಪ ಇಟ್ಟದ್ದೋ,
ಲಗ್ನದಾಗ ನೀವು ಅಕ್ಕಿಯೊಳಗ ಉಂಗುರದಿಂದ ಗೀಚಿದ್ದೋ?”

ಅಪ್ಪ ಇಟ್ಟದ್ದು ಯಾವುದೆಂದು ನನಗೆ ನೆನಪಿರಲಿಲ್ಲ.
ಟಾಕು ಮಸಿಯಲ್ಲದ್ದಿ ಕಾದೆ.
ಅವಳು ಇನ್ನೊಂದು ಕಡ್ಡಿ ಗೀರಿದಳು, ಬತ್ತಿ ಸರಿ ಮಾಡಿದಳು.
ಅವಸರವೇನೂ ಇರಲಿಲ್ಲ ಅವಳಿಗೆ.